ಉಪ್ಪಿನ ಡಬ್ಬಿಯ ಗಡಿಯಾರ

"ಇಟ್ಕೋ. ಒರೆಸು, ನೋಡು, ಬೇಕಾದ್ರೆ ಮುದ್ದು ಮಾಡು. ಕೀ ಮಾತ್ರ ಕೊಡಬೇಡ ಕಣೇ," ಎಂದಳು ದೊಡ್ಡತ್ತೆ.

ಗಡಿಯಾರ ರಿಪೇರಿ ಕಸುಬಿನಿಂದ ಗಡಿಯಾರದವಳೆಂದೇ ಹೆಸರಾದ ಸೊಸೆಗೆ ನಗು ಉಕ್ಕಿ ಬಂತು. ಗಡಿಯಾರ ಕೈಗಿಟ್ಟು ಕೀ ಕೊಡಬೇಡ ಅನ್ನುವುದೂ ಒಂದೇ, ಸೊಸೆಯನ್ನು ಮನೆಗೆ ತಂದು ಬಾಯಿ ತೆಗೆಯಬೇಡ ಅನ್ನುವುದೂ ಒಂದೇ. ಆದರೆ ಅವಳು ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾತನ್ನು ನುಂಗಿಕೊಂಡು ನಗುವನ್ನು ಮಾತ್ರ ಹೊರಗೆ ಬಿಟ್ಟಳು.

ದೊಡ್ಡತ್ತೆ ಎಂದರೆ ಅವಳ ಗಂಡನ ಸೋದರತ್ತೆ, ತೀರಿಕೊಂಡ ಮಾವನ ಅಕ್ಕ. ಮಂಡಿ ಸೋತು ಮಂಚ ಹಿಡಿದು ಬಹಳ ಕಾಲವಾಗಿತ್ತು. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ನೋವಿನ ಮುಲಾಮು, ನುಸಿಗುಳಿಗೆ, ಹಳೇ ಹಾಸಿಗೆಯ ಬೆವರು, ಎಲ್ಲದರ ವಾಸನೆ ಒಂದರ ಮೇಲೊಂದು ಕೂತಿತ್ತು. ಮಂಚದ ಕೆಳಗಿನಿಂದ ಎಳೆಸಿದ ಡಬ್ಬಿಯ ತುಂಬ ಕಲ್ಲುಪ್ಪು. ಮುದುಕಿ ಅದರೊಳಗೆ ಮೊಣಕೈವರೆಗೆ ಕೈ ಇಳಿಸಿ, ತಡಕಾಡಿ, ಬಟ್ಟೆ ಸುತ್ತಿದ ಪುಟ್ಟ ಗಂಟೊಂದನ್ನು ಮೇಲೆತ್ತಿದ್ದಳು.

"ಉಪ್ಪಲ್ಲಿ ಇಡೋದಾ ದೊಡ್ಡತ್ತೆ? ಒಳಗೆಲ್ಲ ತುಕ್ಕು ತಿಂದಿರತ್ತೆ."

"ತಿಂದಿದ್ರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಬಿಚ್ಚಿ ನೋಡು."

ಬಿಚ್ಚಿದಳು. ಅಷ್ಟು ವರ್ಷ ಉಪ್ಪಿನಲ್ಲಿ ಹೂತಿದ್ದ ಉಕ್ಕಿನ ಕೈಗಡಿಯಾರ, ಮೈಮೇಲೆ ಒಂದು ಚುಕ್ಕೆ ಕಲೆಯಿಲ್ಲದೆ, ಈಗ ತಾನೇ ಸ್ನಾನ ಮಾಡಿ ಬಂದಂತೆ ಅವಳ ಅಂಗೈಯಲ್ಲಿ ಕೂತಿತು. ತಣ್ಣಗಿರಬೇಕಾಗಿತ್ತು. ಬೆಚ್ಚಗಿತ್ತು.

ದೊಡ್ಡತ್ತೆಯ ಅಪ್ಪ ಬೆಟ್ಟ ಕೊರೆದು ಸುರಂಗ ಮಾಡುವ ಕಂಪನಿಯಲ್ಲಿ ಮೇಸ್ತ್ರಿಯಾಗಿದ್ದನಂತೆ. ಒಮ್ಮೆ ಸುರಂಗದೊಳಗೆ ಬೆಂಕಿ ಬಿತ್ತು. ಒಳಗಿದ್ದವರು ಓಡಿ ಬರುತ್ತಿದ್ದರು, ಅವರ ಕೂಗು ಹೊರಗೆ ಕೇಳುತ್ತಿತ್ತು. ಬೆಂಕಿ ಯಂತ್ರಗಳ ಕಡೆ ಹರಡಬಾರದೆಂದು ಮೇಸ್ತ್ರಿ ಕಬ್ಬಿಣದ ಬಾಗಿಲು ಹಾಕಿಸಿದ. ಯಂತ್ರಗಳು ಉಳಿದವು. ಕಂಪನಿ ಸಭೆ ಕರೆದು, ಅವನನ್ನು ಹೊಗಳಿ, ಈ ಗಡಿಯಾರ ಕೊಟ್ಟಿತು. ಅದರ ಬೆನ್ನಿನ ಮೇಲೆ ಕೆತ್ತಿಸಿತು: 'ಸಮಯಪ್ರಜ್ಞೆಗೆ ಮೆಚ್ಚುಗೆಯಾಗಿ.' ಮುಂದೆ ಅವನು ಅದನ್ನು ಚೊಕ್ಕ ಮಾಡಿಸಲು ಒಂದು ಅಂಗಡಿಗೆ ಕೊಟ್ಟ. ಆ ಅಂಗಡಿಯಲ್ಲಿ ಬಿಡಿಭಾಗ ತೊಳೆಯುತ್ತಿದ್ದವಳು ಆ ಬಾಗಿಲ ಹಿಂದೆ ಸತ್ತವನೊಬ್ಬನ ಹೆಂಡತಿ.

"ಅಪ್ಪ ದಿನಾ ಕೀ ಕೊಡ್ತಿದ್ದ. ದಿನಾ ಒಂದಿಷ್ಟು ಉಸಿರು ಕಳ್ಕೊಳ್ತಿದ್ದ," ದೊಡ್ಡತ್ತೆ ದನಿ ತಗ್ಗಿಸಿದಳು. "ಅವನ ಹೆಣ ಎತ್ತೋ ಹೊತ್ತಿಗೆ ಆ ಹೆಂಗಸು ಎದುರುಗಡೆ ನಿಂತಿದ್ದಳು. ತಲೆಗೂದಲು ಬುಡಕ್ಕೆ ಕತ್ತರಿಸಿಕೊಂಡಿದ್ದಳು. ನನ್ನ ಹತ್ರ ಬಂದು ಮೆತ್ತಗೆ ಹೇಳಿದಳು, ಕೀ ಕೊಟ್ಟಷ್ಟೂ ಬಿಗಿಯತ್ತೆ ತಾಯಿ, ನಿಮ್ಮನೇಲಿ ಗಂಡು ಅಂತ ಒಬ್ಬ ಇರೋ ತನಕ."

"ಮಾವ?"

"ನಿನ್ನ ಹಾಗೇ ನಕ್ಕ. ಕೀ ಕೊಟ್ಟ. ನಾನು ಇದನ್ನ ಹಿಡ್ಕೊಂಡು ಊರಲ್ಲಿದ್ದ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲರೂ ಬಿಚ್ಚಿದ್ರು, ನೋಡಿದ್ರು, ಮುಖ ಸಣ್ಣ ಮಾಡ್ಕೊಂಡು ವಾಪಸ್ ಕೊಟ್ರು. ನನ್ನ ತಮ್ಮನ ಉಸಿರು ನಿಂತ ಮೇಲೆ ಇದೂ ನಿಂತಿತು."

"ಎಸೆದುಬಿಡಬಾರದಿತ್ತಾ?"

"ಎಸೆದ್ರೆ ಇನ್ಯಾರೋ ಹೆಕ್ಕಿಕೊಂಡು ಕೀ ಕೊಡ್ತಾರೆ. ಕೊಟ್ಟಿದ್ದು ನಮಗೆ ಗೊತ್ತೂ ಆಗಲ್ಲ. ಉಪ್ಪಲ್ಲಾದ್ರೆ ತೆಪ್ಪಗೆ ಮಲಗಿರತ್ತೆ. ಈಗ ಉಳಿದಿರೋ ಗಂಡು ಅಂದ್ರೆ ನಿನ್ನ ಗಂಡ ಒಬ್ಬನೇ. ನಾನು ಹೋದ ಮೇಲೆ ಈ ಡಬ್ಬಿ ಯಾರ ಕೈಗೆ ಸಿಗತ್ತೋ. ನೀನಾದ್ರೆ ಕಸುಬು ಬಲ್ಲವಳು."

"ಅಪ್ಪ ಮಗ ಇಬ್ಬರಿಗೂ ದಮ್ಮಿನ ಕಾಯಿಲೆ ಇತ್ತು ಅನ್ನಿ, ಅಲ್ಲಿಗೆ ಮುಗೀತು. ಇದರೊಳಗೆ ಒಂದು ಧೂಳಿನ ಕಣ ಹೊಕ್ಕರೇ ಗಡಿಯಾರ ನಿಂತುಹೋಗತ್ತೆ. ಮಾಟ ಎಲ್ಲಿಂದ ತೂರತ್ತೆ ದೊಡ್ಡತ್ತೆ?"

ಮುದುಕಿ ಖಾಲಿ ಕೈಯನ್ನು ಮತ್ತೆ ಉಪ್ಪಿನೊಳಗೆ ಇಳಿಸಿ ಹಾಗೇ ಕೂತಳು.

ಗಡಿಯಾರದವಳ ಅಂಗಡಿ ದೊಡ್ಡ ರಸ್ತೆಯ ಕೆಳಗೆ, ಜನ ದಾಟಲೆಂದು ತೋಡಿದ ನೆಲದಡಿಯ ದಾರಿಯಲ್ಲಿತ್ತು. ಸೂರ್ಯನಿಗೆ ಅಲ್ಲಿ ಕೆಲಸವಿರಲಿಲ್ಲ, ಬೆಳಕೆಲ್ಲ ಕರೆಂಟಿನದೇ. ತಲೆಯ ಮೇಲೆ ಬಸ್ಸು ಹಾದಾಗಲೆಲ್ಲ ಗಾಜಿನ ಬಟ್ಟಲಲ್ಲಿದ್ದ ಚಿಮಟಗಳು ಕಿಣಿಕಿಣಿ ಎನ್ನುತ್ತಿದ್ದವು. ಅಂಗಡಿ ಅಪ್ಪನದು. ಅವನು ಹೋದ ಮೇಲೆ ಮೇಜು, ಕುರ್ಚಿ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಎಲ್ಲವೂ ಅವಳ ಪಾಲಿಗೆ ಬಂದಿದ್ದವು. ಅದರ ಜೊತೆಗೆ ಅಪ್ಪನ ಕೈಚಳಕವೂ ಬಂದಿದೆಯೆಂದು ಗಿರಾಕಿಗಳು ಹೇಳುತ್ತಿದ್ದರು. ಪಕ್ಕದಲ್ಲಿ ಕೊಡೆ ರಿಪೇರಿಯವನು. ಅವನ ಅಂಗಡಿಯಲ್ಲಿ ಒಂದು ಫೋನಿತ್ತು, ಬಾಯಲ್ಲಿ ಊರ ಸುದ್ದಿಯೆಲ್ಲ ಇತ್ತು.

ಮಾರನೆಯ ಬೆಳಿಗ್ಗೆ ಅವಳು ಗಡಿಯಾರವನ್ನು ದೀಪದ ಕೆಳಗಿಟ್ಟು ಭೂತಗನ್ನಡಿ ಸಿಕ್ಕಿಸಿಕೊಂಡಳು. ನೋಡುತ್ತ ನೋಡುತ್ತ ಮೈಮರೆತಳು.

ಬಿಳಿಯಿದ್ದ ಮುಖ ವರ್ಷಗಳು ಕೂಡಿ ಕೆನೆಯ ಬಣ್ಣಕ್ಕೆ ತಿರುಗಿತ್ತು. ಅಂಕಿಗಳು ಅಚ್ಚು ಹಾಕಿದವಲ್ಲ, ಒಂದೊಂದಾಗಿ ಕೂರಿಸಿದವು. ಮುಳ್ಳುಗಳ ನೀಲಿ ಹಚ್ಚಿದ ಬಣ್ಣವಲ್ಲ. ಉಕ್ಕನ್ನು ಜ್ವಾಲೆಗೆ ಹಿಡಿದು, ಆ ನೀಲಿ ಮೂಡಿದ ಗಳಿಗೆಗೇ ಹಿಂದೆಗೆದು ಬರಿಸಿದ್ದು. ಆರರ ಅಂಕಿ ಇರಬೇಕಾದಲ್ಲಿ ಸೆಕೆಂಡಿಗೆಂದೇ ಒಂದು ಪುಟ್ಟ ಬಟ್ಟಲು. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳ ಪಕ್ಕ ಇಟ್ಟ ಹಸಿರು ಚುಕ್ಕೆಗಳು ಸತ್ತು ಕಂದಾಗಿದ್ದವು. ಆ ಬಣ್ಣಕ್ಕೆ ಆಯುಷ್ಯ ಅಷ್ಟೇ. ಹಿಂಬದಿಯ ಮುಚ್ಚಳ ತೆಗೆದಳು. ಚಕ್ರಗಳ ತುದಿ ತಿರುಗಲೆಂದು ಕೂರಿಸಿದ ಕೆಂಪು ಕಲ್ಲುಗಳು ಕಣ್ಣು ಬಿಟ್ಟವು. ಯಾರೂ ಎಂದೂ ನೋಡದ ಸಂದಿಗಳಲ್ಲೂ ಉಜ್ಜಿ, ಅಲೆ ಅಲೆಯಾಗಿ ಗೀರಿ, ಮೂಲೆ ಮಟ್ಟ ಮಾಡಿದ್ದರು. ಮಾಡಿದವನು ಯಾವನೋ ಪುಣ್ಯಾತ್ಮ, ಅವನ ಕೈಗೆ ಮುತ್ತಿಡಬೇಕು ಅನ್ನಿಸಿತು.

ಆಮೇಲೆ ಮುಚ್ಚಳದ ಒಳಮೈ ನೋಡಿದಳು.

ಗಡಿಯಾರ ಬಿಚ್ಚಿದವನು ಮುಚ್ಚಳದ ಒಳಗೆ ತನ್ನ ಗುರುತು ಗೀರುವುದು ಈ ಕಸುಬಿನ ಪದ್ಧತಿ. ಮುಂದೆ ಬಿಚ್ಚುವವನಿಗೆ ಹಿಂದಿನವನು ಯಾರೆಂದು ತಿಳಿಯಲಿ ಅಂತ. ಇದರಲ್ಲಿ ಗುರುತುಗಳ ಗುಂಪೇ ಇತ್ತು. ಒಂದೊಂದರ ಮೇಲೂ ಒಂದು ಅಡ್ಡಗೀಟು. ಅಡ್ಡಗೀಟೆಂದರೆ: ಬಿಚ್ಚಿದೆ, ಮುಟ್ಟಲಿಲ್ಲ, ವಾಪಸ್ ಕೊಟ್ಟೆ. ಅಂಚಿನಲ್ಲಿ ಗಾಳದಂಥ ಒಂದು ಕೊಕ್ಕೆ. ಅದು ಅವಳ ಅಪ್ಪನದು. ಅದರ ಮೇಲೂ ಅಡ್ಡಗೀಟು.

ಅವಳ ಕಿವಿ ಬಿಸಿಯಾಯಿತು. ಹಾಳಾದ ಗಡಿಯಾರಗಳಿಗೆ ಜೀವ ಕೊಟ್ಟ ಅಪ್ಪ ಇದನ್ನು ಮುಟ್ಟದೆ ವಾಪಸ್ ಕೊಟ್ಟನೇ? ದೊಡ್ಡತ್ತೆ ಅವನ ಮೇಜಿನ ಮುಂದೆ ನಿಂತು ಬೇಡಿದಾಗ?

"ಏನಮ್ಮಾ, ಮುಖ ಕೆಂಡ ಆಗಿದೆ?" ಕೊಡೆಯವನು ಇಣುಕಿದ.

"ಇದರ ಮೇಲೆ ಮಾಟ ಇದೆಯಂತೆ. ನಮ್ಮಪ್ಪನೂ ನಂಬಿದ್ದನಂತೆ."

"ಹಾಗಾದ್ರೆ ಮುಚ್ಚಿಟ್ಟುಬಿಡಿ. ನಿಮ್ಮಪ್ಪ ಇಲಿಗೂ ಹೆದರದ ಮನುಷ್ಯ."

"ಸುಮ್ಮನಿರಿ. ಕೊಡೆ ಒಳಗೆ ಬಿಡಿಸಿದ್ರೆ ಅಪಶಕುನ ಅಂತಾರೆ, ನೀವು ದಿನಾ ಬಿಡಿಸ್ತೀರಿ. ಏನಾಗಿದೆ ನಿಮಗೆ?"

"ಹೆಂಡತಿ ತವರಿಗೆ ಹೋದವಳು ವಾಪಸ್ ಬಂದಳು," ಎಂದ ಕೊಡೆಯವನು. ಅವಳು ಬಿದ್ದು ಬಿದ್ದು ನಕ್ಕಳು.

ಆ ನಗುವಿನ ನಡುವೆಯೇ ಅದು ಆಗಿಹೋಯಿತು. ನಿಂತ ಗಡಿಯಾರ ಕೈಗೆ ಬಂದರೆ ಗಡಿಯಾರ ರಿಪೇರಿಯವರ ಹೆಬ್ಬೆರಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಎರಡು ಸುತ್ತು ಕೊಟ್ಟು, ಜೀವ ಇದೆಯೋ ಇಲ್ಲವೋ ನೋಡಿಬಿಡುತ್ತದೆ. ಅವಳು ಕೊಡೆಯವನ ಮುಖ ನೋಡುತ್ತಿದ್ದಳು. ಹೆಬ್ಬೆರಳು ತನ್ನ ಪಾಡಿಗೆ ತಾನು ಕೀ ಕೊಟ್ಟಿತು.

ಟಿಕ್.

ಅವಳು ಬೆರಳನ್ನು ನೋಡಿದಳು, ಗಡಿಯಾರವನ್ನು ನೋಡಿದಳು. ಎದೆ ಒಮ್ಮೆ ಧಸಕ್ಕೆಂದಿತು. ಆ ಧಸಕ್ಕಿಗೇ ಸಿಟ್ಟು ಬಂದು, ಗಡಿಯಾರವನ್ನು ಕಿವಿಗೆ ಹಿಡಿದಳು. ಎಂಥ ಸ್ವಚ್ಛ ಸದ್ದು! ಒಂದೇ ಲಯ, ಒಂದು ಗೊರಕೆಯಿಲ್ಲ. "ಓಡು ಕಂದಾ, ಓಡು. ಯಾರೇನು ಮಾಡ್ತಾರೋ ನಾನೂ ನೋಡ್ತೀನಿ," ಎಂದಳು.

ಮಧ್ಯಾಹ್ನ ಕೊಡೆಯವನ ಫೋನು ಹೊಡೆದುಕೊಂಡಿತು.

ಅವಳ ಗಂಡ ಈಜು ಕಲಿಸುವವನು. ಕೊಳದಲ್ಲಿ ಎಲ್ಲರೂ ಅವನನ್ನು ಮೀನು ಎನ್ನುತ್ತಿದ್ದರು. ಮುಳುಗಿದರೆ ಮೇಲೆ ನಿಂತವರ ಉಸಿರೇ ಮೊದಲು ಕಟ್ಟಬೇಕು, ಅಂಥ ಶ್ವಾಸಕೋಶ. ಆ ಮೀನು ಇವತ್ತು ಎದೆಮಟ್ಟದ ನೀರಿನಲ್ಲಿ ಮುಳುಗಿದ್ದ. ಪಾಠಕ್ಕೆ ಬಂದವರೇ ಎಳೆದು ಹಾಕಿದರಂತೆ.

"ಏನಿಲ್ಲ ಮಾರಾಯ್ತಿ," ಫೋನಿನಲ್ಲಿ ಅವನ ದನಿ ಕರಕಲಾಗಿತ್ತು. "ಕತ್ತಿಗೆ ಯಾರೋ ದಾರ ಹಾಕಿ ಎಳೆದ ಹಾಗಾಯ್ತು. ಸಂಜೆ ಅಂಗಡಿಗೇ ಬರ್ತೀನಿ."

ಕಾಕತಾಳೀಯ, ಎಂದುಕೊಂಡು ಅವಳು ಮೇಜಿಗೆ ಮರಳಿದಳು. ಆದರೂ ಸಂಜೆಯಾಗುತ್ತಿದ್ದಂತೆ ಗಡಿಯಾರವನ್ನು ಕೈಗೆತ್ತಿಕೊಂಡಳು. ಕೀ ಗುಂಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಅಲುಗಿಸಿ ಪರೀಕ್ಷಿಸಿದಳು.

ಓಡುವ ಗಡಿಯಾರದ ಸ್ಪ್ರಿಂಗು ಓಡಿದಷ್ಟೂ ಸಡಿಲವಾಗಬೇಕು. ಗಡಿಯಾರ ಎಂಬುದೇ ಅಷ್ಟು: ಬಿಗಿದದ್ದನ್ನು ಚೂರುಚೂರೇ ಬಿಡುವುದು. ಅವಳು ಕೊಟ್ಟದ್ದು ಎರಡೇ ಸುತ್ತು. ಈಗ ಗುಂಡಿ ಕಲ್ಲಿನಂತೆ ಬಿಗಿದಿತ್ತು. ಪ್ರತಿ ಟಿಕ್ಕಿಗೂ ಇದು ತನ್ನನ್ನು ತಾನೇ ಬಿಗಿದುಕೊಳ್ಳುತ್ತಿತ್ತು.

ನಂಬಿಕೆ ಮಾತಿಗೆ ಬರಲಿಲ್ಲ, ಬೆರಳಿಗೆ ಬಂತು. ಅಪ್ಪನ ಅಡ್ಡಗೀಟು ಯಾಕೆಂದು ಅರ್ಥವಾಯಿತು. ಸುತ್ತಿಗೆ ತೆಗೆದು ಜಜ್ಜಿಬಿಡಲೇ? ಕೈ ಎತ್ತಿದಳು, ತಡೆದಳು. ಬಿಗಿದದ್ದನ್ನು ಬಿಗಿದ ಹಾಗೇ ಒಡೆದರೆ ಒಳಗಿನ ಗಂಟು ಎಂದೆಂದಿಗೂ ಬಿಗಿದೇ ಉಳಿದರೆ? ಇದಕ್ಕೆ ಇರುವುದು ಒಂದೇ ದಾರಿ. ಕೀ ಇಳಿಸಬೇಕು. ಸ್ಪ್ರಿಂಗು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವ ಪುಟ್ಟ ಕೊಂಡಿಯೊಂದು ಒಳಗಿದೆ. ಅದನ್ನು ಸೂಜಿಯಿಂದ ಸರಿಸಿ, ಗುಂಡಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಒಂದೊಂದೇ ಎಳೆ ಹಿಂದಕ್ಕೆ ಬಿಡಬೇಕು. ಕೈ ತಪ್ಪಿದರೆ ಸ್ಪ್ರಿಂಗು ಸಿಡಿದು ಎಲ್ಲ ಪುಡಿ.

ಮತ್ತೆ ಮುಚ್ಚಳ ತೆಗೆದಿಡುವಷ್ಟರಲ್ಲಿ ಮೀನು ಬಂದ. ಕುತ್ತಿಗೆಗೆ ಟವೆಲು ಸುತ್ತಿಕೊಂಡಿದ್ದ. ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದ.

"ಎಲ್ಲರೂ ನಗ್ತಿದ್ದಾರೆ," ಎಂದ. "ಮೀನಿಗೇ ನೀರು ಕುಡಿಸಿದ್ವಿ ಅಂತ."

"ಮಾತಾಡಬೇಡ. ಟವೆಲು ತೆಗಿ."

ತೆಗೆದ. ಕತ್ತಿನ ಸುತ್ತ ಕೂದಲಿನಷ್ಟೇ ಸಣ್ಣ ಕೆಂಪು ಗೆರೆ. ಅವಳು ನೋಡುತ್ತಿದ್ದಂತೆಯೇ ಅದು ಒಳಕ್ಕಿಳಿಯಿತು. ಅವನ ಬಾಯಿ ತೆರೆಯಿತು. ಗಾಳಿ ಒಳಗೆ ಹೋಗಲಿಲ್ಲ.

"ಅಣ್ಣಾ! ಡಾಕ್ಟರು!" ಅವಳು ಕಿರುಚಿದಳು.

ಕೊಡೆಯವನು ಓಡಿ ಬಂದು ನೋಡಿದ. ಅದೇ ಹೊತ್ತಿಗೆ ಕರೆಂಟು ಹೋಯಿತು. ದಾರಿಯ ಉದ್ದಕ್ಕೂ ದೀಪಗಳು ಒಂದೇ ಸಲ ಸತ್ತವು. ಕೊಡೆಯವನು ತನ್ನ ಟಾರ್ಚು ಹಿಡಿದು ಮೆಟ್ಟಿಲ ಕಡೆ ಓಡಿದ. ಅವನ ಬೆಳಕು ಹೋದ ಮೇಲೆ ಉಳಿದದ್ದು ಬರೀ ಕತ್ತಲು.

ಬರೀ ಕತ್ತಲಲ್ಲ. ಮೇಜಿನ ಮೇಲೆ ಹಸಿರು.

ಸತ್ತುಹೋಗಿದ್ದ ಚುಕ್ಕೆಗಳು ಉರಿಯುತ್ತಿದ್ದವು. ಒಂದೊಂದೂ ಒಂದೊಂದು ಕಣ್ಣು.

ಟಿಕ್ ಟಿಕ್ ಟಿಕ್. ಸದ್ದು ಓಡತೊಡಗಿತು. ಗೋಡೆಗಳಿಂದ ಹೊಗೆಯ ವಾಸನೆ ಬಂತು. ಸುಟ್ಟ ಎಣ್ಣೆ. ಹಸಿ ಮಣ್ಣು. ಟಿಕ್ಕುಗಳು ಟಿಕ್ಕುಗಳಾಗಿ ಉಳಿಯಲಿಲ್ಲ. ಕಬ್ಬಿಣಕ್ಕೆ ಮುಷ್ಟಿಯಿಂದ ಗುದ್ದುವ ಸದ್ದು. ಒಬ್ಬರದಲ್ಲ. ಹಲವರದು.

ಅವಳ ಕಾಲ ಬಳಿ ಮೀನು ಒದ್ದಾಡುತ್ತಿದ್ದ. ಅವನ ಹಿಮ್ಮಡಿ ನೆಲ ಕೆರೆಯುತ್ತಿತ್ತು.

ಗಡಿಯಾರವನ್ನು ತಡಕಿ ಹಿಡಿದಳು. ಸುಡುತ್ತಿತ್ತು. ಎಡಗೈಗೆ ಸೂಜಿ. ಬಲಗೈಯ ಹೆಬ್ಬೆರಳು ತೋರುಬೆರಳಲ್ಲಿ ಗುಂಡಿ. ಕಣ್ಣು ಬೇಡ. ಈ ಕೆಲಸವನ್ನು ಅವಳು ಕಣ್ಣು ಮುಚ್ಚಿ ಕಲಿತವಳು. ಸೂಜಿಯ ತುದಿ ಕೊಂಡಿಯನ್ನು ಮುಟ್ಟಿತು. ಜಾರಿತು. ಮತ್ತೆ ಮುಟ್ಟಿತು. ಒತ್ತಿದಳು.

ಗುಂಡಿ ಅವಳ ಬೆರಳುಗಳ ನಡುವೆ ಹುಚ್ಚು ಹಿಡಿದಂತೆ ತಿರುಗಲು ನೋಡಿತು. ಗಡಿಯಾರದ ಸ್ಪ್ರಿಂಗಿಗೆ ಅಷ್ಟು ಬಲವಿರುವುದಿಲ್ಲ. ಬಾಗಿಲ ಆಚೆ ಒಂದು ಗುಂಪೇ ನಿಂತು ತಳ್ಳಿದಂತಿತ್ತು. ಚರ್ಮ ಸುಲಿಯಿತು. ರಕ್ತಕ್ಕೆ ಗುಂಡಿ ಜಾರತೊಡಗಿತು. ಅವಳು ಇನ್ನೂ ಗಟ್ಟಿಯಾಗಿ ಹಿಡಿದಳು.

"ಬಾಗಿಲು ಹಾಕಿದವನು ಸತ್ತುಹೋದ, ಅಕ್ಕಾ!" ಕೂದಲು ಕತ್ತರಿಸಿಕೊಂಡ ಆ ಹೆಂಗಸಿಗೆಂದು ಕತ್ತಲಿಗೆ ಅರಚಿದಳು. "ಇವನಲ್ಲ! ನೋಡು, ನಾನು ಬಾಗಿಲು ತೆಗೀತಿದ್ದೀನಿ. ತಳ್ಳಬೇಡಿ. ಒಬ್ಬೊಬ್ಬರೇ ಬನ್ನಿ!"

ಒಂದು ಎಳೆ ಬಿಟ್ಟಳು. ಕಾಲ ಬಳಿ ಒಂದು ಗುಟುಕು ಉಸಿರು.

ಇನ್ನೊಂದು ಎಳೆ. ಇನ್ನೊಂದು ಗುಟುಕು.

ಮುಷ್ಟಿಗಳ ಸದ್ದು ತಗ್ಗಿತು. ತಲೆಯ ಮೇಲಿಂದ ಬರಿಗಾಲುಗಳು ಸರಸರ ದಾಟಿ ಹೋದಂತಾಯಿತು. ಬಿಟ್ಟಳು. ಹಿಡಿದಳು. ಬಿಟ್ಟಳು. ಕೊನೆಗೆ ಗುಂಡಿ ನಿಂತಿತು. ಹಸಿರು ಚುಕ್ಕೆಗಳು ಆರಿದವು. ದೀಪ ಬಂತು.

ಮೀನು ಗೋಡೆಗೊರಗಿ ಗಾಳಿಯನ್ನು ಅನ್ನದಂತೆ ನುಂಗುತ್ತಿದ್ದ.

ಅಷ್ಟಕ್ಕೆ ಮುಚ್ಚಿಟ್ಟಿದ್ದರೆ ಬೆರಳು ಉಳಿಯುತ್ತಿತ್ತೋ ಏನೋ. ಆದರೆ ಮುಚ್ಚಿಟ್ಟದ್ದನ್ನು ನಾಳೆ ಇನ್ನೊಬ್ಬರು ತೆಗೆಯುತ್ತಾರೆ. ಅವಳು ಸ್ಪ್ರಿಂಗಿನ ಪುಟ್ಟ ಡಬ್ಬಿಯನ್ನು ಹೊರತೆಗೆದು ಮುಚ್ಚಳ ಎಬ್ಬಿಸಿದಳು. ಸ್ಪ್ರಿಂಗಿನ ಸುರುಳಿಯ ಉದ್ದಕ್ಕೂ ಇನ್ನೊಂದು ಸುರುಳಿ. ಹೆಣ್ಣಿನ ತಲೆಗೂದಲು, ಒಂದೇ ಎಳೆ, ಕಡುಕಪ್ಪು. ಇಷ್ಟು ವರ್ಷವಾದರೂ ಆಗಷ್ಟೇ ತೊಳೆದು ತಂದಂತೆ ಒದ್ದೆ.

ಚಿಮಟದಿಂದ ಎಳೆದಳು. ಬಂತು, ಬರುತ್ತಲೇ ಇತ್ತು. ತುದಿ ಕಳಚಿದ್ದೇ ತಡ, ಕೂದಲು ಗಾಳಿಯಲ್ಲಿ ಬಳುಕಿ ಮೀನಿನ ಕಡೆಗೆ ಚಾಚಿತು. ಅವನ ಕೈ ಮತ್ತೆ ಕುತ್ತಿಗೆಗೆ ಹೋಯಿತು.

ಅವಳು ಯೋಚಿಸಲಿಲ್ಲ. ಕೂದಲನ್ನು ತನ್ನ ಬಲ ಹೆಬ್ಬೆರಳಿಗೆ ಸರಸರ ಸುತ್ತಿಕೊಂಡಳು, ಸ್ಪ್ರಿಂಗು ಸುತ್ತುವವಳ ಹಾಗೆ. ಅದು ಬಿಗಿಯಿತು. ಮಾಂಸಕ್ಕಿಳಿಯಿತು. ಮೂಳೆ ಮುಟ್ಟಿತು. ಕಣ್ಣಲ್ಲಿ ನೀರು ಚಿಮ್ಮಿತು. ಮುಷ್ಟಿ ಬಿಡಲಿಲ್ಲ.

"ಕೀ ಕೊಟ್ಟಿದ್ದು ಈ ಬೆರಳು. ತಗೋ," ಹಲ್ಲು ಕಚ್ಚಿ ಹೇಳಿದಳು. "ಇದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಸಿಗಲ್ಲ."

ಕೊಡೆಯವನು ಡಾಕ್ಟರನ್ನು ಕರೆತಂದಾಗ ಮೀನು ಎದ್ದು ನಿಂತಿದ್ದ. ಡಾಕ್ಟರು ನೋಡಬೇಕಾಗಿ ಬಂದದ್ದು ಹೆಂಡತಿಯ ಹೆಬ್ಬೆರಳನ್ನು. ಅದು ಬುಡದವರೆಗೆ ಕಪ್ಪಾಗಿತ್ತು. ದಾರ ಕಟ್ಟಿದ್ದಿರಾ ಎಂದು ಕೇಳಿದರು. ದಾರವೂ ಇರಲಿಲ್ಲ, ಕೂದಲೂ ಕಾಣಲಿಲ್ಲ. ಕತ್ತರಿಸದೆ ವಿಧಿಯಿರಲಿಲ್ಲ.

ಸುದ್ದಿ ಕೇಳಿ ದೊಡ್ಡತ್ತೆ ಎದೆ ಬಡಿದುಕೊಂಡಳು. "ಕಸುಬಿನ ಬೆರಳೇ ಹೋಯ್ತಲ್ಲೇ! ಹೇಳಿದ್ದೆನಲ್ಲೇ!"

"ಹೇಳಿದ್ರಿ. ಕೇಳಲಿಲ್ಲ, ಅದು ನನ್ನ ತಪ್ಪೇ. ಆದ್ರೆ ಹೋಗಿದ್ದು ಬೆರಳು ದೊಡ್ಡತ್ತೆ, ನಿಮ್ಮ ಮನೆ ಮಗ ಅಲ್ಲ. ಆ ಉಪ್ಪನ್ನ ಇನ್ನು ಮೋರಿಗೆ ಸುರೀತೀನಿ."

ಸುರಿಯಲು ಹೋದಳು, ಯಾಕೋ ಒಂದು ಬಟ್ಟಲಷ್ಟು ಉಳಿಸಿಕೊಂಡಳು.

ಈಗ ಅವಳು ಎಡಗೈಯಲ್ಲಿ ಕೆಲಸ ಮಾಡುತ್ತಾಳೆ. ಮೊದಲಿನ ಅರ್ಧ ವೇಗವಿಲ್ಲ. ಗಿರಾಕಿಗಳು ಗೊಣಗಿದರೆ, ಅವಸರವಿದ್ದರೆ ಸೂರ್ಯನನ್ನು ನೋಡಿ ಟೈಮು ತಿಳಿದುಕೊಳ್ಳಿ ಅನ್ನುತ್ತಾಳೆ. ಆ ಗಡಿಯಾರ ಸ್ಪ್ರಿಂಗಿಲ್ಲದೆ ಅವಳ ತಲೆಯ ಮೇಲಿನ ಮೊಳೆಗೆ ನೇತಾಡುತ್ತಿದೆ. ಬೆನ್ನಿನ ಮೇಲಿದ್ದ ಹೊಗಳಿಕೆಯನ್ನು ಅರ ಹಾಕಿ ಉಜ್ಜಿದ್ದಾಳೆ. ಮುಚ್ಚಳದ ಒಳಗೆ, ಅಪ್ಪನ ಕೊಕ್ಕೆಯ ಪಕ್ಕದಲ್ಲಿ, ಎಡಗೈಯ ಸೊಟ್ಟ ಗೀರಿನಲ್ಲಿ ಅವಳ ಗುರುತಿದೆ. ಅದರ ಮೇಲೆ ಅಡ್ಡಗೀಟಿಲ್ಲ.

ಒಂದು ಮಾತನ್ನು ಮಾತ್ರ ಅವಳು ಯಾರಿಗೂ ಹೇಳಿಲ್ಲ. ಕೆಲವು ದಿನ ಇಲ್ಲದ ಹೆಬ್ಬೆರಳು ಬೆಚ್ಚಗಾಗುತ್ತದೆ. ಇಲ್ಲದ ಗುಂಡಿಯನ್ನು ಮೆಲ್ಲಗೆ ತಿರುಗಿಸತೊಡಗುತ್ತದೆ. ಅದೇ ಹೊತ್ತಿಗೆ ಆಚೆ ಕೊಳದಲ್ಲಿ ಮೀನು ಪಾಠದ ನಡುವೆ ಸುಮ್ಮನಾಗಿ ಕತ್ತು ಸವರಿಕೊಳ್ಳುತ್ತಾನೆಂದು ಕೇಳಿದ್ದಾಳೆ.

ಆಗ ಅವಳು ಮೇಜಿನ ಖಾನೆಯಿಂದ ಉಪ್ಪಿನ ಬಟ್ಟಲು ತೆಗೆಯುತ್ತಾಳೆ. ಮೊಂಡು ಕೈಯನ್ನು ಅದರೊಳಗೆ ಒತ್ತಿ, ಉರಿ ತಲೆಗೇರುವವರೆಗೂ ಒತ್ತಿ ಹಿಡಿದು, ನಗುತ್ತ ಹೇಳುತ್ತಾಳೆ:

"ತಿರುಗಿಸು, ನೋಡೋಣ. ಇಳಿಸೋಕೆ ನಾನಿದ್ದೀನಿ."